ಪೇಟೆ ಬೀದಿಯ ಒಡೆದ ದೀಪಗಳು

ಅಂಗಡಿ ಬಾಗಿಲು ತೆಗೆಯಲು ಬಂದವರು ಬೀದಿಯ ತುದಿಯಲ್ಲೇ ನಿಂತುಬಿಟ್ಟರು. ಸರ್ಕಾರದ ಅನುದಾನದಲ್ಲಿ ನೆಟ್ಟ ಹೊಸ ದೀಪಗಳೆಲ್ಲ ಪುಡಿಪುಡಿ! ಹೊಸದಾಗಿ ಹಾಸಿದ ಕಲ್ಲುಗಳೂ ಒಡೆದಿದ್ದವು. ಚರಂಡಿಯಲ್ಲಿ ಒಂದು ಹೊಚ್ಚಹೊಸ ಸುತ್ತಿಗೆ ಬಿದ್ದಿತ್ತು.

ಕೆ.ಆರ್. ಪೇಟೆಯ ಈ ಹಳೇ ಬೀದಿ ಗಿರಾಕಿಗಳಿಲ್ಲದೆ ನೊಣ ಹೊಡೆಯುತ್ತಿತ್ತು. ಅದಕ್ಕೆ ಕಳೆ ತರಲೆಂದು ಬಂದ ಹಣ ಅದು. ಇಂದು ಮಧ್ಯಾಹ್ನ ಅಧಿಕಾರಿಗಳು ನೋಡಿ ಒಪ್ಪಿದರೆ ಉಳಿದ ಕಂತು. ಇಲ್ಲವಾದರೆ ಕೆಲಸಕ್ಕೆ ಎಳ್ಳುನೀರು. ಇಂಥ ದಿನವೇ ಹೀಗಾಗಬೇಕೆ?

ಸಬ್ ಇನ್‌ಸ್ಪೆಕ್ಟರ್ ಪದ್ಮ ಬರುವಷ್ಟರಲ್ಲಿ ಜನರೇ ತೀರ್ಪು ಕೊಟ್ಟಾಗಿತ್ತು. ಪೊಲೀಸರು ಇರುವುದೇ ದಂಡ ಎಂಬಂತೆ! ತರಕಾರಿ ಗಾಡಿಯ ತಿಮ್ಮೇಶನನ್ನು ರಟ್ಟೆ ಹಿಡಿದು ನಿಲ್ಲಿಸಿಕೊಂಡಿದ್ದರು. ಕಲ್ಲು ಹಾಸುವಾಗ ಅವನ ಗಾಡಿಯನ್ನು ಬೀದಿಯಿಂದ ಎಬ್ಬಿಸಿದ್ದರು. “ಎಲ್ಲಾ ಒಡ್ದಾಕ್ಬುಡ್ತೀನಿ” ಎಂದು ಅವನು ಕೂಗಾಡಿದ್ದು ಎಲ್ಲರ ಕಿವಿಗೂ ಬಿದ್ದಿತ್ತು.

“ನೀನೇನೋ ಮಾಡಿದ್ದು?” ಪದ್ಮ ಕೇಳಿದಳು.

“ಇಲ್ಲ ಮೇಡಂ.”

“ಬೆಳಗಿನ ಜಾವ ತರಕಾರಿ ತರೋಕೆ ಈ ದಾರೀಲೇ ಹೋಗ್ತೀಯಲ್ಲ, ಯಾರನ್ನೂ ನೋಡ್ಲಿಲ್ವಾ?”

ತಿಮ್ಮೇಶ ನೆಲ ನೋಡಿದ.

ಕಬ್ಬಿಣದ ಅಂಗಡಿಯ ಅಂದಾನಯ್ಯ ಬೀದಿಗೇ ಹಿರಿಯರು. ಅನುದಾನಕ್ಕಾಗಿ ಕಚೇರಿ ಕಚೇರಿ ಅಲೆದವರು. ಸುತ್ತಿಗೆಯ ಹಿಡಿಗೆ ಅಂಟಿಸಿದ ಚೀಟಿ ಅವರ ಅಂಗಡಿಯದೇ.

“ಇದನ್ನ ಯಾರಿಗೆ ಮಾರಿದ್ರಿ?” ಪದ್ಮ ಸುತ್ತಿಗೆ ತೋರಿಸಿದಳು.

ಅಂದಾನಯ್ಯ ಹೆಗಲ ಟವೆಲು ಎಳೆದುಕೊಂಡರು. “ನೆನ್ನೆ ಸಂಜೆ... ದೀಪ ಅಚ್ಚಿ ಕೈಮುಗೀತಿದ್ದೆ. ಆಗ ತಿಮ್ಮೇಶನೇ ಬಂದು ತಕ್ಕೊಂಡೋದ ಕಣವ್ವ.”

ಜನ ಗುಜುಗುಜು ಎಂದರು. ಕಾನ್‌ಸ್ಟೆಬಲ್ ಜೀಪಿನ ಬಾಗಿಲು ತೆರೆದ. ಆಗ ತಿಮ್ಮೇಶನ ಹೆಂಡತಿ ಅಂಬಿಕ ಅಡ್ಡ ಬಂದು ನಿಂತಳು.

“ನನ್ ಗಂಡ ಸಂಜೆಯೆಲ್ಲಾ ಮನೇಲಿ ಗಾಡಿ ರಿಪೇರಿ ಮಾಡ್ತಿದ್ದ! ಮೊಳೆ ಸಾಲ್ದೆ ಅಂಗ್ಡಿಗೆ ಓಗಿದ್ದು ನಾನು. ‘ದೀಪ ಅಚ್ಚಾಯ್ತು, ಕಬ್ಣ ಕೊಡಾಕಿಲ್ಲ, ಬೆಳಿಗ್ಗೆ ಬಾ’ ಅಂತ ಕಳಿಸ್ಬುಟ್ರು. ಇವನ್ನ ಜೈಲಿಗಾಕುದ್ರೆ ನನ್ ಮಕ್ಕಳ ಗತಿ ಏನು?”

“ನಿನ್ ಮೊಳೆ ಕತೆ ಆಮ್ಯಾಕೆ ಯೇಳಮ್ಮಿ,” ಎಂದು ಯಾರೋ ನಕ್ಕರು.

ಪದ್ಮಳಿಗೆ ನಗು ಬರಲಿಲ್ಲ. “ಅಂದಾನಯ್ಯೋರೆ, ದೀಪ ಹಚ್ಚಿದ ಮೇಲೆ ಒಂದು ಮೊಳೆ ಕೊಡದೋರು ಸುತ್ತಿಗೆ ಹೇಗೆ ಕೊಟ್ರಿ?”

“ಅದು... ಅರ್ಜೆಂಟು ಅಂದ—”

“ನಮ್ಮಪ್ಪ ಇದೇ ಊರಲ್ಲಿ ಮನೆ ಕಟ್ಟಿಸೋವಾಗ, ದೀಪ ಹಚ್ಚಿದ ಮೇಲೆ ಎಷ್ಟು ಬೇಡ್ಕೊಂಡ್ರೂ ಕಬ್ಬಿಣ ಕೊಡ್ಲಿಲ್ಲ ನೀವು. ಲಕ್ಷ್ಮಿ ಎದ್ದು ಹೋಗ್ತಾಳೆ ಅಂದ್ರಿ. ಹಗಲಲ್ಲಿ ಬೇರೆಯವರಿಗೆ ಮಾರಿದ್ರೆ ಅವರ ಹೆಸರೇ ಹೇಳ್ತಿದ್ರಿ. ಸುತ್ತಿಗೆ ಮಾರೇ ಇಲ್ಲ. ಅಂಗಡಿ ಬೀಗವೂ ಒಡೆದಿಲ್ಲ. ಬೀಗದ ಕೈ ಇರೋರೇ ತಾನೇ ತಂದಿರಬೇಕು? ಈ ಕೆಲಸ ನಿಮ್ಮದೇ.”

ಅಂದಾನಯ್ಯ ಮೆಟ್ಟಿಲ ಮೇಲೆ ಕುಸಿದು ಕೂತರು.

“ಬೀದಿಗೆ ಕಳೆ ಬತ್ತಿದ್ದಂಗೆ ಕಟ್ಟಡದ ಯಜಮಾನ ಅಂಗ್ಡಿ ಖಾಲಿ ಮಾಡು ಅಂದ್ಬುಟ್ಟ. ಇಲ್ಲಿಗೆ ಬಟ್ಟೆ ಶೋರೂಮ್ ಬತ್ತದಂತೆ. ಕೆಲ್ಸ ನಿಂತ್ರೆ ನಾನೂ ಉಳ್ಕೋತೀನಿ ಅನ್ಕಂಡೆ. ನಾನೇ ಓಡಾಡಿ ತರ್ಸಿದ ಅನುದಾನ ನನ್ನೇ ಎಬ್ಬಿಸ್ತಲ್ಲವ್ವಾ!”

“ಅದಕ್ಕೆ ಈ ಬಡಪಾಯಿ ಹೆಸರಾ?”

“ಎದ್ರುಬುಟ್ಟೆ. ಎಲ್ರೂ ಅವನ ಎಸ್ರೇ ಯೇಳ್ತಿದ್ರು... ನಂಗೂ ಅದೇ ಬಾಯಿಗೆ ಬಂತು.”

ತಪ್ಪಿತಸ್ಥನನ್ನು ಹಿಡಿದ ಖುಷಿ ಪದ್ಮಳಿಗೆ ಎಳ್ಳಷ್ಟೂ ಇರಲಿಲ್ಲ. ತಿಮ್ಮೇಶನ ರಟ್ಟೆ ಬಿಡಿಸಿ ಅವನ ಮೇಲೆಯೇ ರೇಗಿದಳು.

“ಕೇಳಿದಾಗ ಯಾಕೋ ನೆಲ ನೋಡಿದ್ದು? ನಿಜವಾಗ್ಲೂ ಯಾರನ್ನೂ ನೋಡಿರ್ಲಿಲ್ವಾ?”

“ನೋಡಿದ್ದೆ ಮೇಡಂ. ಇವ್ರೇ ಸುತ್ತಿಗೆ ಇಡ್ಕಂಡು ಅಳ್ತಾ ನಿಂತಿದ್ರು.” ತಿಮ್ಮೇಶ ಅಂದಾನಯ್ಯನವರತ್ತ ತಿರುಗಿದ. “ಇಷ್ಟು ವರ್ಸ ಇವ್ರ ಅಂಗ್ಡಿ ನೆಳ್ಳಲ್ಲೇ ಗಾಡಿ ನಿಲ್ಲಿಸ್ಕಂಡು ಬದುಕ್ದೋನು ನಾನು. ಇವ್ರ ಎಸ್ರು ಎಂಗೆ ಯೇಳ್ಲಿ?”

ಅಂದಾನಯ್ಯ ಟವೆಲಿನಿಂದ ಮುಖ ಮುಚ್ಚಿಕೊಂಡರು. ಯಾರೂ ಕರೆಯುವ ಮೊದಲೇ ಎದ್ದು, ತಾವೇ ಜೀಪು ಹತ್ತಿ ಕೂತರು.