ಹೊನವಾಡದಲ್ಲಿ ನಿಂತ ಕಾರು

೧೯೬೪ನೇ ಇಸವಿ, ಫೆಬ್ರುವರಿ ೬, ಗುರುವಾರ. ಬೆಳಿಗ್ಗೆ ಒಂಬತ್ತೂವರೆಗೆ ಸಿದ್ದರಾಯ ತಿಕೋಟಾ ಠಾಣೆಯ ಮೆಟ್ಟಿಲು ಹತ್ತಿದ. ವಿಜಾಪುರದ ಗಾಂಧಿ ಚೌಕದಲ್ಲಿ ಅವನದು ಕಂಬಳಿ ಅಂಗಡಿ. ಹಬ್ಬಕ್ಕೆಂದು ಹೊನವಾಡದ ತವರಿಗೆ ಬಂದಿದ್ದ ಹೆಂಡತಿ ಮಲಕವ್ವನನ್ನು ಕರೆದೊಯ್ಯಲು ಹಿಂದಿನ ಸಂಜೆ ಸ್ವಂತ ಕಾರಿನಲ್ಲಿ ಬಂದಿದ್ದ. ಠಾಣೆಗೆ ಮಾತ್ರ ಬಸ್ಸಿನಲ್ಲಿ ಬರಬೇಕಾಯಿತು, ಆ ಸಿಟ್ಟು ಮುಖದ ಮೇಲೇ ಇತ್ತು.

"ಇದು ಮೂರನೇ ಸಲರಿ ಸಾಹೇಬ್ರ. ಹೆಂಡತಿನ ಕರಕೊಂಡು ಹೊಂಡಬೇಕಂತ ಕೀಲಿ ತಿರಿವಿದ್ರ ಗಾಡಿ ಚಾಲೂನ ಆಗವಲ್ದು. ಎಲ್ಲಾ ಆ ನಿಜಾಮುದ್ದೀನನ ಕೆಲಸ."

ನಿಜಾಮುದ್ದೀನ ಚೌಕದ ಹಿಂದಿನ ಓಣಿಯ ಮೆಕ್ಯಾನಿಕ್. ಹತ್ತು ವರ್ಷ ಹಳೆಯ ಆ ಕರಿ ಕಾರನ್ನು ಸಿದ್ದರಾಯನಿಗೆ ಮಾರಿದವನೂ ಅವನೇ, ಎರಡು ಸಲ ಹೊನವಾಡಕ್ಕೆ ಬಂದು ರಿಪೇರಿ ಮಾಡಿದವನೂ ಅವನೇ. ಎರಡನೇ ಸಲ ಎಂಜಿನ್ನಿಗೆ ಕಿಡಿ ಹಂಚುವ ರೋಟರೆಂಬ ಸಣ್ಣ ಬಿಡಿಭಾಗವೇ ಕಾಣೆಯಾಗಿದೆ ಎಂದು ಬೇರೆಯದನ್ನು ಹಾಕಿಕೊಟ್ಟಿದ್ದ.

"ರಾತ್ರಿ ಬಂದು ಕದಿಯಾಂವನೂ ಅವನ, ರೊಕ್ಕ ತಗೊಂಡು ಹಾಕಾಂವನೂ ಅವನ," ಎಂದ ಸಿದ್ದರಾಯ.

"ಬಸ್ಸಿಗಿ ಕರಕೊಂಡು ಹೋಗಬೇಕಿತ್ತು," ಎಂದರು ಫೌಜದಾರ ರಾಮಲಿಂಗ.

"ಕಾರ್ ಇದ್ದಾಂವ ಹೆಂಡತಿನ ಬಸ್ಸಿನಾಗ ಕುಂಡರಿಸಿದ್ರ ಊರ ನಗತೈತ್ರಿ."

ಕಲಂ ೩೭೯ರ ಕೆಳಗೆ ಕಳವಿನ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ರಾಮಲಿಂಗರ ಜೀಪು ಗ್ಯಾರೇಜಿನ ಮುಂದೆ ನಿಂತಿತು. ತಪಾಸಣೆಯಲ್ಲಿ ತಗಡಿನ ಡಬ್ಬಿಯೊಂದರಲ್ಲಿ ಆರು ಹಳೆಯ ರೋಟರ್ ಸಿಕ್ಕವು. ಅವನ್ನು ಜಪ್ತಿ ಮಾಡಿ ಅರಗಿನ ಸೀಲು ಒತ್ತಿಸಿದರು. ಅಷ್ಟರಲ್ಲಿ ಓಣಿಯ ತುಂಬ ಜನ. ರಿಪೇರಿಗೆ ಬಿಟ್ಟಿದ್ದ ವ್ಯಾನನ್ನು ಒಬ್ಬ ಮಾತಿಲ್ಲದೆ ತಳ್ಳಿಸಿಕೊಂಡು ಹೋದ.

"ಹಳೇ ಸಾಮಾನ ಎಲ್ಲಾ ಮೆಕ್ಯಾನಿಕ್ ಕಡೆ ಇರತಾವ್ರಿ," ಎಂದ ನಿಜಾಮುದ್ದೀನ. "ಒಮ್ಮಿ ಕಳ್ಳ ಅಂತ ಹೆಸರ ಬಿದ್ರ ನನ್ನ ಕೈಯಾಗ ಯಾರ ಗಾಡಿ ಕೊಡತಾರ್ರಿ?"

ರಾಮಲಿಂಗರ ಮನಸ್ಸು ಮುಕ್ಕಾಲು ಪಾಲು ತೀರ್ಪು ಕೊಟ್ಟುಬಿಟ್ಟಿತ್ತು. ಆದರೆ ಸ್ಥಳ ನೋಡದೆ ಬೇಡಿ ಹಾಕುವ ಚಟ ಅವರಿಗಿರಲಿಲ್ಲ. ಸಿದ್ದರಾಯನ ಜೊತೆ ನಿಜಾಮುದ್ದೀನನನ್ನೂ ಜೀಪಿಗೆ ಹತ್ತಿಸಿಕೊಂಡರು.

ಮಧ್ಯಾಹ್ನ ಒಂದೂಕಾಲಿಗೆ ಹೊನವಾಡ. ಕಾರು ಅಂಗಳದಲ್ಲಿ ನಿಂತಿತ್ತು. ಊರ ಇಬ್ಬರು ಹಿರಿಯರನ್ನು ಪಂಚರನ್ನಾಗಿ ಕರೆದು, ಅವರ ಎದುರಿಗೇ ದೋಷ ಹುಡುಕಲು ನಿಜಾಮುದ್ದೀನನಿಗೆ ಹೇಳಿದರು. ಕಾನ್‌ಸ್ಟೇಬಲ್ ಭಾಗಪ್ಪ ಪಂಚನಾಮೆ ಬರೆಯಲು ಕೂತ.

ನಿಜಾಮುದ್ದೀನ ಮೊದಲು ಹಾರ್ನ್ ಒತ್ತಿದ, ಅಂಗಳದ ಕೋಳಿಗಳು ಹಾರಿದವು. ದೀಪವೂ ಚೆನ್ನಾಗಿ ಉರಿಯಿತು. "ಬ್ಯಾಟರಿ ಛಲೋ ಐತ್ರಿ." ಕೀಲಿ ತಿರುವಿದರೆ ಎಂಜಿನ್ನು ಗರಗರ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಪೆಟ್ರೋಲ್ ಬರುತ್ತಿತ್ತು. ಪ್ಲಗ್ಗಿನ ವೈರು ಬಿಚ್ಚಿ ಕಬ್ಬಿಣದ ಹತ್ತಿರ ಹಿಡಿದರೆ ಕಿಡಿಯೇ ಇಲ್ಲ.

"ಪ್ಲಗ್ಗಿಗೆ ಕರೆಂಟ್ ಹಂಚೋ ಡಬ್ಬಿ ಇದರಿ," ಎಂದು ಕಪ್ಪು ಮುಚ್ಚಳಕ್ಕೆ ಕೈ ಹಾಕಹೊರಟ.

"ತಡಿ!" ಎಂದರು ರಾಮಲಿಂಗ.

ಮುಚ್ಚಳದ ಮೇಲೆ ಬಿಳಿಯ ಬೆರಳಚ್ಚು. ಮೆಕ್ಯಾನಿಕ್ ಮುಟ್ಟಿದ್ದರೆ ಗ್ರೀಸ್ ಇರಬೇಕಿತ್ತು. ಭಾಗಪ್ಪ ಬಾಗಿ ನೋಡಿದ.

"ಜ್ವಾಳದ ಹಿಟ್ಟರಿ."

ಮುಚ್ಚಳ ತೆಗೆದರು. ಒಳಗೆ ರೋಟರ್ ಇರಲಿಲ್ಲ.

ರಾಮಲಿಂಗ ಸಿದ್ದರಾಯನ ಕಡೆ ತಿರುಗಿದರು.

"ಮೊದಲನೇ ಸಲ ಕೆಟ್ಟಿದ್ದು ಯಾವತ್ತು?"

"ಜನೇವರಿ ಹದಿನಾರು, ಗುರುವಾರ."

"ಎರಡನೇದು?"

"ಇಪ್ಪತ್ತೇಳು, ಸೋಮವಾರ."

"ಮರುದಿನ ಯಾಕ ಕರಕೊಂಡು ಹೋಗಲಿಲ್ಲ?"

"ಮಂಗಳವಾರ, ಶುಕ್ರವಾರ ಮಗಳನ್ನ ಯಾರ ಕಳಸತಾರ್ರಿ? ಅಂಗಡಿ ಮುಚ್ಚಿ ನಾ ಎಷ್ಟ ದಿನ ಕುಂಡರ್ಲಿ? ಒಬ್ಬನ ಹೋದೆ."

"ಬರೂ ದಿನ ಗೊತ್ತು ಮಾಡಿದವರು ಯಾರು?"

"ನಮ್ಮ ಅತ್ತಿ. ಛಲೋ ವಾರ ಅಂತ ಆಕಿನ ಹೇಳಿ ಕಳಸಿದ್ಲು."

ಭಾಗಪ್ಪನ ಲೇಖಣಿ ನಿಂತಿತು. ರಾಮಲಿಂಗರಿಗೆ ತಮ್ಮ ತಾಯಿಯ ನೆನಪಾಯಿತು. ಅಕ್ಕನನ್ನು ಗಂಡನ ಮನೆಗೆ ಕಳಿಸುವ ಹೊತ್ತು ಬಂತೆಂದರೆ ಆಕೆಯೂ ಹೀಗೇ ಬೆರಳು ಮಡಚಿ ವಾರ ಎಣಿಸುತ್ತಿದ್ದಳು. ಅವರಿಗೆ ಮುಂದಿನ ಪ್ರಶ್ನೆ ಕೇಳುವುದೇ ಬೇಡವೆನ್ನಿಸಿತು. ಆದರೂ ಕೇಳಿದರು.

"ನಿಜಾಮುದ್ದೀನ, ಮೊದಲನೇ ಸಲ ಏನಾಗಿತ್ತು?"

"ಅವತ್ತು ಖರೇನ ಕೆಟ್ಟಿತ್ರಿ, ರೋಟರ್ ಸೀಳಿತ್ತು. ಚಹಾ ಕೊಡಾಕ ಬಂದ ಅವ್ವಗ ನಾನ ತೋರಿಸಿದೆ. ಇಷ್ಟು ಸಣ್ಣದು ಇಲ್ಲಂದ್ರ ಇಷ್ಟು ದೊಡ್ಡ ಗಾಡಿ ಬರೇ ಕಲ್ಲ ನೋಡಬೇ ಅಂತ..." ಅರ್ಧಕ್ಕೇ ನಿಲ್ಲಿಸಿ ತಲೆ ತಗ್ಗಿಸಿದ. ತಾನು ಉಳಿದದ್ದು ಯಾರನ್ನು ಹಿಡಿದುಕೊಟ್ಟು ಎಂಬುದು ಅವನಿಗೆ ಹೊಳೆದಿತ್ತು.

ಹೊಸ್ತಿಲಲ್ಲಿ ಸಿದ್ದರಾಯನ ಅತ್ತೆ ತಾಯವ್ವ ನಿಂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ, ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಯಾರೂ ಏನೂ ಕೇಳುವ ಮೊದಲೇ ಒಳಗೆ ಹೋಗಿ, ಹಿಟ್ಟಿನ ಡಬ್ಬಿಯಿಂದ ಎರಡು ರೋಟರ್ ತಂದು ಪಂಚರ ಮುಂದೆ ಇಟ್ಟಳು.

"ಮುಂಜಾನೆ ರೊಟ್ಟಿ ಬಡಿಯೂ ಹೊತ್ತಿನ್ಯಾಗ ಎದ್ದು ಹೋಗಿ ತಗದೇನ್ರಿ. ಆ ಸಾಬಣ್ಣಂದು ಏನೂ ತಪ್ಪಿಲ್ಲ."

"ಯಾಕವ್ವ?"

ಹಿಂದೆ ನಿಂತಿದ್ದ ಮಗಳ ಕೈ ಹಿಡಿದೆಳೆದು ಕುಪ್ಪಸದ ತೋಳು ಮೇಲೇರಿಸಿದಳು. ಮೂರು ಬರೆ. ಎರಡು ಮಾಯ್ದು ಕಪ್ಪಾಗಿದ್ದವು, ಒಂದು ಇನ್ನೂ ಹಸಿಯಾಗಿತ್ತು.

"ರೊಟ್ಟಿ ಹೊತ್ತಿದ್ದಕ್ಕ ಅಳಿಯಾ ಸುಟ್ಟಾನ್ರಿ. ಈಕಿನ್ನ ಇಲ್ಲೇ ಇಟಗೋಳೂಣು ಅಂದ್ರ ನನ್ನ ಮನಿಯಾಂವ ಕೇಳಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂದು ಕುರಿ ಹೊಡಕೊಂಡು ಬಬಲೇಶ್ವರದ ಕಡೆ ಹೋಗ್ಯಾನ. ಗಾಯರೆ ಮಾಯಲಿ ಅಂತ ತಡದೆ."

ಮೊದಲು ಬಾಯಿಬಿಟ್ಟವನು ಸಿದ್ದರಾಯ.

"ಸಾಮಾನ ಸಿಕ್ಕಿತಲ್ರಿ? ಹಾಕಲೇ ನಿಜಾಮ. ಇನ್ನೂ ಗುರುವಾರನ ಐತಿ."

ರಾಮಲಿಂಗರಿಗೆ ಅವನ ಕಪಾಳಕ್ಕೆ ಬಿಡಬೇಕೆನ್ನಿಸಿತು. ಎರಡೂ ರೋಟರನ್ನು ಬಟ್ಟೆಯಲ್ಲಿ ಸುತ್ತಿ ಭಾಗಪ್ಪನ ಕೈಗೆ ಕೊಟ್ಟರು.

"ಇವು ಮುದ್ದೆಮಾಲು. ಕೋರ್ಟಿನ ಹುಕುಂ ಇಲ್ಲದ ಕೊಡಾಕ ಬರೂದಿಲ್ಲ."

"ಅವನ ಕಡೆ ಇನ್ನೂ ಆರು ಅದಾವ!"

"ಅವೂ ಸೀಲ್ ಆಗ್ಯಾವ."

ಸಿದ್ದರಾಯ ಮಲಕವ್ವನ ಕಡೆ ಹೆಜ್ಜೆ ಇಟ್ಟ. "ಹಂಗಾರ ಬಸ್ಸಿಗೇ ಕರಕೊಂಡು ಹೋಗತೇನಿ."

"ಊರ ನಗೂದಿಲ್ಲೇನು?" ಎಂದರು ರಾಮಲಿಂಗ. "ಆಕಿ ಸಾಕ್ಷಿ. ಠಾಣೆಗಿ ಬಂದು ಹೇಳಿಕಿ ಕೊಡಬೇಕು. ಆಮ್ಯಾಲ ಆ ತೋಳು ದವಾಖಾನ್ಯಾಗ ತೋರಿಸಬೇಕು. ನೀನೂ ಜೀಪಿನ ಹಿಂದ ಹತ್ತು, ಕೇಳೂದೈತಿ."

ನಿಜಾಮುದ್ದೀನನನ್ನು ಅಲ್ಲೇ ಬಿಡುಗಡೆ ಮಾಡಿದರು. "ನಾಳಿ ಚೌಕಕ್ಕ ನಾನ ಬಂದು ನಾಕ ಮಂದಿ ಮುಂದ ಹೇಳತೇನಿ, ಈ ಕಳವು ನಿಂದಲ್ಲ ಅಂತ," ಎಂದರು. ಅವನು ತಾಯವ್ವನಿಗೆ ಕೈ ಮುಗಿದ.

ಮೂರು ಗಂಟೆ ನಲವತ್ತು ನಿಮಿಷಕ್ಕೆ ತಾಯವ್ವನ ದಸ್ತಗಿರಿ ಆಯಿತು. ಜೀಪಿನಲ್ಲಿ ಮಗಳ ಪಕ್ಕ ಕೂತವಳು ತಿಕೋಟಾದ ಮೊದಲ ಮನೆಗಳು ಕಾಣುತ್ತಲೇ ಮೆಲ್ಲಗೆ ಕೇಳಿದಳು.

"ಸಾಹೇಬ್ರ, ನಾಳಿ ಶುಕ್ರವಾರ. ಠಾಣೆದಿಂದನೂ ಕಳಸೂದಿಲ್ಲಲ್ರಿ ಈಕಿನ್ನ?"

"ಇಲ್ಲವ್ವ. ಕಳಸೂದಿಲ್ಲ."

ಸಂಜೆ ಆರಕ್ಕೆ ಮಲಕವ್ವ ತನ್ನ ಬಾಯಿಂದಲೇ ಎರಡನೇ ದೂರು ಬರೆಸಿದಳು, ಗಂಡನ ಮೇಲೆ. ಹೆಬ್ಬೆಟ್ಟು ಒತ್ತುವಾಗ ತಾಯಿಯ ಕಡೆ ನೋಡಲಿಲ್ಲ. ಅವಳು ದವಾಖಾನೆಗೆ ಹೋದ ಮೇಲೆ ರಾಮಲಿಂಗ ಮೊದಲನೇ ಪ್ರಕರಣದ ಡೈರಿ ತೆರೆದು, ಕೃತ್ಯದ ಕಾರಣ ಎಂಬಲ್ಲಿ ಬರೆದರು: "ಆರೋಪಿತಳಿಗೆ ಸಾಮಾನಿನ ಆಶೆ ಇರುವುದಿಲ್ಲ. ಮಗಳ ಮೂರು ಗಾಯಗಳಲ್ಲಿ ಒಂದು ಮಾಯುವುದು ಬಾಕಿ ಇತ್ತು."