ಒಂದು ಹೆಡ್‌ಫೋನ್, ಇಬ್ಬರು ಗಿರಾಕಿಗಳು

"ಒಂದ್ನಿಮಿಷ ಕೊಡ್ತೀರಾ? ನಾನೂ ಹಾಕಿ ನೋಡ್ಬೇಕಿತ್ತು."

ಲಿಖಿತಾ ಎರಡನೇ ಸಲ ಕೇಳಿದಳು. ಕೌಂಟರಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದ ಯುವಕ ಅಲುಗಾಡಲಿಲ್ಲ. ಅವನ ಕಿವಿಗಳ ಮೇಲಿದ್ದದ್ದು ಅವಳು ಭದ್ರಾವತಿಯಿಂದ ಬಸ್ ಹತ್ತಿ ಹುಡುಕಿಕೊಂಡು ಬಂದಿದ್ದ ಹೆಡ್‌ಫೋನ್. ಶಿವಮೊಗ್ಗದ ಗಾಂಧಿ ಬಜಾರಿನ ಪಕ್ಕದ ಆ ಅಂಗಡಿಯಲ್ಲಿ ಆ ಮಾದರಿಯದು ಹಾಕಿ ನೋಡಲು ಇದ್ದದ್ದು ಅದೊಂದೇ.

ಎಂಥ ಮನುಷ್ಯನಪ್ಪ ಇವನು... ಎಂದುಕೊಳ್ಳುತ್ತಾ ಅವಳು ಅವನ ತೋಳನ್ನು ಮೆಲ್ಲಗೆ ತಟ್ಟಿದಳು.

ಅವನು ಕಣ್ಣು ತೆರೆದ. ಅಷ್ಟು ಹತ್ತಿರದಲ್ಲಿ ಅವಳ ಮುಖ ಕಂಡು ತಬ್ಬಿಬ್ಬಾಗಿ, ಹೆಡ್‌ಫೋನ್ ತೆಗೆದು ಎರಡೂ ಕೈಯಲ್ಲಿ ಕೊಟ್ಟ.

"ಸಾರಿ. ಇದನ್ನ ಹಾಕ್ಕೊಂಡ್ರೆ ಬಜಾರೇ ಮಾಯ ಆಗಿಬಿಡುತ್ತೆ."

ಅವಳು ಹಾಕಿಕೊಂಡಳು. ಆಟೋಗಳ ಹಾರ್ನ್, ಹೊರಗಿನ ಚೌಕಾಸಿ, ತಲೆಯ ಮೇಲಿನ ಫ್ಯಾನು, ಎಲ್ಲವೂ ಎಲ್ಲೋ ದೂರ ಸರಿದವು. ಎದುರಿಗೆ ಅವನು ನಗುತ್ತಾ ಏನೋ ಹೇಳುತ್ತಿದ್ದ. ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಆ ನಗುವನ್ನು ಶಬ್ದವಿಲ್ಲದೆ ನೋಡಿದ್ದಕ್ಕೋ ಏನೋ, ತನ್ನದೇ ಎದೆಬಡಿತ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು...

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುತ್ತಾರಲ್ಲ, ಆ ಧ್ವನಿಯನ್ನು ತಿದ್ದಿ ಶುದ್ಧ ಮಾಡುವುದು ಲಿಖಿತಾಳ ಕೆಲಸ. ಮನೆಯಲ್ಲೇ ಕುಳಿತು ಮಾಡಬೇಕು. ಆದರೆ ಮನೆಯ ಕೆಳಗೇ ಹಿಟ್ಟಿನ ಗಿರಣಿ!

ಅಂಗಡಿಯ ಹಯಾತ್ ಸಾಹೇಬರು ಇನ್ನೂ ಎರಡು ಹೆಡ್‌ಫೋನ್ ತೆಗೆದಿಟ್ಟರು. ಒಂದರಲ್ಲಿ ಬೇಸ್ ಎಷ್ಟಿತ್ತೆಂದರೆ ಮನುಷ್ಯರ ದನಿ ಕೊಡದೊಳಗಿನಿಂದ ಬಂದಂತಿತ್ತು. ಇನ್ನೊಂದರ ದನಿ ಚೆನ್ನ, ಆದರೆ ಅದು ಅವಳ ಕನ್ನಡಕದ ಕಡ್ಡಿಯನ್ನು ಕಿವಿಗೆ ಒತ್ತುತ್ತಿತ್ತು. ಕಡೆಗೆ ಅವಳು ಮೊದಲಿನದಕ್ಕೇ ಮರಳಿದಳು. ಕಿವಿಗೆ ಮೆತ್ತಗಿನ ದಿಂಬು, ತಲೆಗೆ ಭಾರವಿಲ್ಲ, ದನಿ ಇದ್ದ ಹಾಗೇ ಇದೆ. ಆ ಯುವಕನಿಗೂ ಅದೇ ಬೇಕಿತ್ತು. ಬಸ್ಸಿನ ಗದ್ದಲದಲ್ಲಿ ಫೋನಿನ ಮಾತು ತಿಳಿಯುವುದೇ ಇಲ್ಲವೆಂದು ಅವನು ಹೇಳಿಕೊಂಡ. ಹಯಾತ್ ಸಾಹೇಬರು ನಗುತ್ತಾ ಒಳಗಿನಿಂದ ಎರಡು ಹೊಸ ಡಬ್ಬಿ ತಂದರು.

ಅವನ ಹೆಸರು ಅತುಲ್. ಶಂಕರಘಟ್ಟದಲ್ಲಿ, ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ. ಶಿವಮೊಗ್ಗದಿಂದ ಓಡಾಟ. ಹೊರಡುವ ಮುನ್ನ ಇಬ್ಬರೂ ಫೋನ್ ನಂಬರ್ ಕೊಟ್ಟುಕೊಂಡರು.

'ನಿಮ್ಮ ಕಿವಿ ನೋಯ್ತಿಲ್ಲ ತಾನೇ?' ಎಂಬ ಅವನ ಮೆಸೇಜಿನಿಂದ ಶುರುವಾದ ಪರಿಚಯ ಕೆಲವೇ ತಿಂಗಳಲ್ಲಿ ಸ್ನೇಹವಾಯಿತು. ಆಮೇಲೆ ಅದನ್ನು ಏನೆಂದು ಕರೆಯಬೇಕೋ ಇಬ್ಬರಿಗೂ ತಿಳಿದಿತ್ತು, ಇಬ್ಬರೂ ಕರೆಯಲಿಲ್ಲ. ಸಂಜೆ ಮನೆಗೆ ಮರಳುವಾಗ ಅವನು ಭದ್ರಾವತಿಯಲ್ಲಿ ಇಳಿಯುತ್ತಿದ್ದ. ಹೋಟೆಲಿನಲ್ಲಿ ಎದುರುಬದುರು ಕುಳಿತು ಕಾಫಿ, ಒಂದಷ್ಟು ಮಾತು. ನಿಮ್ಮ ದನಿ ಚೆನ್ನಾಗಿದೆ, ಒಂದು ಪಾಠ ಓದಿಕೊಡಿ ಎಂದು ಅವಳು ಕೇಳಿದಾಗ ನಾಚಿಕೊಂಡೇ ಒಪ್ಪಿದ್ದ.

ಅಷ್ಟರಲ್ಲಿ ಲಿಖಿತಾಳಿಗೆ ದಾವಣಗೆರೆಯ ಸಂಬಂಧವೊಂದು ಬಂತು. ಭಾನುವಾರ ಹುಡುಗನ ಕಡೆಯವರು ನೋಡಲು ಬರುತ್ತಾರೆಂದು ತಾಯಿ ಉಮಾಮಹೇಶ್ವರಿ ಹೇಳಿದರು.

ಅವತ್ತೇ ಸಂಜೆ ಅವಳು ಅತುಲ್ ಜೊತೆ ಭದ್ರಾ ನದಿಯ ಸೇತುವೆಯ ಮೇಲೆ ನಡೆಯುತ್ತಿದ್ದಳು. ಪಕ್ಕದಲ್ಲಿ ಲಾರಿಗಳ ಸಾಲು. ಅವನ ಮುಖ ನೋಡುವ ಧೈರ್ಯವಾಗದೆ ನೀರನ್ನೇ ನೋಡುತ್ತಾ, ವಿಷಯವನ್ನೆಲ್ಲ ಹೇಳಿ, ಕೇಳಿಯೇಬಿಟ್ಟಳು.

"ಅವರಿಗೆ ಬರೋದು ಬೇಡ ಅಂತ ಹೇಳಲಾ, ಅತುಲ್?"

ಅವನೂ ನೀರಿನತ್ತ ನೋಡಿದ. ಸ್ವಲ್ಪ ದೂರ ಹೋದ ಮೇಲೆ ಹೇಳಿದ, "ಈ ಸಲ ನೀರು ಜಾಸ್ತಿ ಇದೆ ಅಲ್ವಾ?"

ಇಷ್ಟೇನಾ...? ಜೀವ ಕೈಯಲ್ಲಿ ಹಿಡಿದು ಕೇಳಿದ್ದಕ್ಕೆ ನೀರಿನ ಮಾತು!

ತಲೆನೋವೆಂದು ಹೇಳಿ ಅವಳು ಮನೆಗೆ ಬಂದಳು. ಮರುದಿನದಿಂದ ಅವನ ಫೋನ್ ತೆಗೆಯಲಿಲ್ಲ, ಮೆಸೇಜ್ ನೋಡಲಿಲ್ಲ. ಭಾನುವಾರ ಸೀರೆ ಉಟ್ಟು ದಾವಣಗೆರೆಯವರಿಗೆ ಕಾಫಿ ಕೊಟ್ಟಳು. ಅವರು ಒಪ್ಪಿದರು. ಹುಡುಗ ಒಳ್ಳೆಯವನೇ. ನಿನ್ನ ಮನಸ್ಸೇನೆಂದು ತಾಯಿ ಕೇಳಿದಾಗ, ಒಂದೆರಡು ದಿನ ಟೈಮ್ ಕೊಡಮ್ಮ ಎಂದಳು. ಆ ದಿನಗಳೂ ಮುಗಿಯುತ್ತಾ ಬಂದವು.

ಆಗ ಇಮೇಲಿನಲ್ಲಿ ಬಂತು ಅತುಲ್ ಓದಿದ ಪಾಠ. ಜೊತೆಗೆ ಒಂದೇ ಸಾಲು: 'ಪೂರ್ತಿ ಕೇಳಿ ನೋಡಿದ್ದೀನಿ, ಎಲ್ಲೂ ತೊಂದರೆ ಇಲ್ಲ. ನನ್ನಿಂದ ಏನು ತಪ್ಪಾಯ್ತು ಅಂತ ಮಾತ್ರ ಗೊತ್ತಾಗ್ತಿಲ್ಲ.'

ಕೆಲಸ ಕೆಲಸವೇ ಎಂದುಕೊಂಡು ಅವಳು ಹೆಡ್‌ಫೋನ್ ಹಾಕಿ ಕುಳಿತಳು. ಶುರುವಾದ ಕೂಡಲೇ ಮುಖ ಕಿವುಚಿದಳು. ಬಲಗಡೆ ಅವನ ದನಿ ತಿಳಿಯಾಗಿತ್ತು. ಎಡಗಡೆ ಕರಕರ ಸದ್ದು! ಮೈಕಿನ ವೈರ್ ಸಡಿಲವಾಗಿರಬೇಕು. ಮೊದಲಿನಿಂದ ಕೊನೆಯವರೆಗೂ ಅದೇ ಸದ್ದು.

ಪೂರ್ತಿ ಕೇಳಿದ್ದಾನಂತೆ! ಇಷ್ಟು ಜೋರಾಗಿರುವುದು ಹೇಗೆ ಕೇಳಿಸಲಿಲ್ಲ? ಅದೂ ಇದೇ ಹೆಡ್‌ಫೋನಿನಲ್ಲಿ...

ಅವಳ ಕೈ ಮೌಸಿನ ಮೇಲೇ ನಿಂತಿತು.

ಕೇಳಿಸಲಿಲ್ಲ. ಎಡಗಡೆಯದು ಅವನಿಗೆ ಕೇಳಿಸಲೇ ಇಲ್ಲ!

ಸೇತುವೆಯ ಮೇಲೆ ಅವಳು ಅವನ ಯಾವ ಕಡೆ ನಡೆದಿದ್ದಳು? ಎಡಗಡೆ. ಬಲಗಡೆ ಲಾರಿಗಳು.

ಗಿರಣಿ ಕೆಳಗೆ ತಿರುಗುತ್ತಲೇ ಇತ್ತು. ಲಿಖಿತಾ ಹೆಡ್‌ಫೋನ್ ತೆಗೆದಿಟ್ಟು, ಚಪ್ಪಲಿ ಮೆಟ್ಟಿ, ಶಂಕರಘಟ್ಟದ ಬಸ್ ಹತ್ತಿದಳು.

ಲೈಬ್ರರಿಯ ಮೆಟ್ಟಿಲ ಮೇಲೆ ಅವಳನ್ನು ಕಂಡು ಅತುಲ್ ಓಡೋಡಿ ಬಂದ. ಅವಳು ಅವನೆದುರಿಗೇ ನಿಂತು, ಅವನ ಕಣ್ಣನ್ನೇ ನೋಡುತ್ತಾ ಕೇಳಿದಳು.

"ಎಡಗಿವಿ ಯಾವಾಗಿಂದ ಕೇಳಲ್ಲ?"

ಅವನ ಮುಖದ ಬಣ್ಣ ಇಳಿಯಿತು. ಚಿಕ್ಕವನಿದ್ದಾಗ ಬಂದ ಜ್ವರದಲ್ಲಿ ಹೋಯಿತೆಂದು, ಅದು ತಿಳಿದ ಮೇಲೆ ಗೊತ್ತಾಗಿದ್ದ ಒಂದು ಮದುವೆಯೇ ಮುರಿದುಬಿತ್ತೆಂದು ತಡೆದು ತಡೆದು ಹೇಳಿದ.

"ನಿಂಗೂ ಹೇಳ್ಬೇಕು ಅಂತ ಪ್ರತಿ ಸಲ ಅಂದ್ಕೊಂಡೇ ಬಸ್ ಇಳೀತಿದ್ದೆ. ನಿನ್ನ ಕಂಡ ಮೇಲೆ ಧೈರ್ಯ ಆಗ್ತಿರ್ಲಿಲ್ಲ."

"ಸೇತುವೆ ಮೇಲೆ ನಾನು ಏನು ಕೇಳ್ದೆ ಗೊತ್ತಾ?"

"ಏನೋ ಹೇಳ್ತಿದ್ದೆ ಅಂತ ಗೊತ್ತಾಯ್ತು. ಇನ್ನೊಂದ್ಸಲ ಹೇಳು ಅಂದ್ರೆ ಸಿಕ್ಕಿಬೀಳ್ತೀನಿ ಅಂತ... ನೀರಿನ ಬಗ್ಗೆ ಹೇಳ್ದೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ದಾವಣಗೆರೆಯವರ ವಿಷಯ ಹೇಳಿದಳು. ಅತುಲ್ ಮೆಟ್ಟಿಲ ಮೇಲೆ ಕುಳಿತ. ತಲೆಯೆತ್ತಿ ಅವಳನ್ನೇ ನೋಡಿದ.

"ನಂಗೆ ನೀನು ಬೇಕು, ಲಿಖಿತಾ. ಆದ್ರೆ ಯೋಚನೆ ಮಾಡು. ಜೀವನಪೂರ್ತಿ ನಿಂಗೆ ಹೇಳಿದ್ದನ್ನೇ ಹೇಳೋ ಕೆಲಸ ಆಗುತ್ತೆ."

"ಹೇಳ್ತೀನಿ. ಇನ್ಮೇಲೆ ಕೇಳಿಸ್ದೇ ಇದ್ರೆ ಕೇಳಿಸ್ಲಿಲ್ಲ ಅನ್ನು. ನಂಗೆ ಅಷ್ಟು ಸಾಕು."

ಅಲ್ಲಿಂದಲೇ ಅವಳು ಮನೆಗೆ ಫೋನ್ ಮಾಡಿದಳು. ದಾವಣಗೆರೆಯವರಿಗೆ ಬೇಡವೆಂದು ಹೇಳಿಬಿಡಮ್ಮ, ಸಂಜೆ ಒಬ್ಬರನ್ನು ಕರೆದುಕೊಂಡು ಬರುತ್ತೇನೆ ಎಂದಳು. ಉಮಾಮಹೇಶ್ವರಿ ಯಾರು, ಏನು ಎಂದು ಕೇಳಲಿಲ್ಲ. ಬರುವವರು ರೊಟ್ಟಿ ತಿನ್ನುತ್ತಾರಾ, ಅನ್ನ ಇಡಬೇಕಾ ಎಂದಷ್ಟೇ ಕೇಳಿದರು.

ಅತುಲ್ ಗಾಬರಿಯಿಂದ ಎದ್ದು ನಿಂತ. "ಇವತ್ತೇನಾ ಮಾರಾಯ್ತಿ? ಶರ್ಟ್ ನೋಡು, ಪುಸ್ತಕದ ಧೂಳೆಲ್ಲ ಇದರ ಮೇಲೇ ಇದೆ."

ಅವಳು ಅವನ ಭುಜದ ಧೂಳನ್ನು ಕೈಯಿಂದ ಕೊಡವಿದಳು. ಕೊಡವಿದ ಮೇಲೂ ಕೈ ಅಲ್ಲೇ ಉಳಿಯಿತು.

"ಅಮ್ಮ ಶರ್ಟ್ ನೋಡಲ್ಲ. ಎಷ್ಟು ರೊಟ್ಟಿ ತಿಂತೀಯ ಅಂತ ನೋಡ್ತಾಳೆ."

"ಹಾಗಾದ್ರೆ ಬರ್ತೀನಿ," ಎಂದ ಅತುಲ್. "ಮಧ್ಯಾಹ್ನ ಊಟಾನೂ ಆಗಿಲ್ಲ."