ಮೂರನೆಯ ಪ್ರಕಟಣೆ

"ಮೂರು ವಾರದ ಹಿಂದೆ ಡ್ಯೂಟಿಲಿ ಸೂಜಿ ಚುಚ್ಚಿಬಿಡ್ತು ಕಣ್ರೀ," ಅಂದಳು ಆರೋಗ್ಯ ಮೇರಿ. "ಪೇಷೆಂಟಿಗೆ ಎಚ್‌ಐವಿ ಇತ್ತು. ನನ್ನ ರಕ್ತ ಟೆಸ್ಟ್ ಮಾಡಿಸ್ದೆ. ನೆಗೆಟಿವ್ ಬಂತು. ಆದ್ರೂ ಮದುವೆ ಮುಂದಕ್ಕೆ ಹಾಕಿ."

"ಈಗ್ಲೇ ಬರೋ ನೆಗೆಟಿವ್ ನಂಬೋ ಹಾಗಿಲ್ಲ," ಅಂದ ಸುಂದರೇಶ. "ಮೂರು ತಿಂಗಳಾದ್ಮೇಲೆ ಇನ್ನೊಂದ್ಸಲ ನೋಡ್ಬೇಕು."

ನರ್ಸ್ ಆದವಳಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಅವಳಿಗೆ ಬೇಕಾಗಿದ್ದ ಮಾತೂ ಅದಲ್ಲ. ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು. ಸುಂದರೇಶ ಸೈಕಲ್ ಸ್ಟ್ಯಾಂಡ್ ದಾಟಿ ಒಳಗೆ ಹೋಗಿಬಿಟ್ಟ.

ಅವನು ಅಗ್ರಹಾರದ ಹುಡುಗ, ದೇವರಾಜ ಮೊಹಲ್ಲಾದ ಲ್ಯಾಬಿನಲ್ಲಿ ಊರವರ ರಕ್ತ ನೋಡುವವನು. ನರ್ಸಿಂಗ್ ಹೋಮಿನಿಂದ ಸ್ಯಾಂಪಲ್ ತರುತ್ತಿದ್ದ ಇವಳನ್ನು, "ಹೆಸರಲ್ಲಿ ಆರೋಗ್ಯ, ಕೈಯಲ್ಲಿ ಮಾತ್ರ ಯಾವಾಗ್ಲೂ ಕಾಯಿಲೆಯವರ ರಕ್ತ," ಎಂದು ರೇಗಿಸುತ್ತಲೇ ಮನಸ್ಸಿಗೆ ಬಂದವನು. ಮನೆಯ ದೇವರಿಗೂ ಕೈಮುಗಿಯದ ಮಹಾಶಯ, ಇವಳಿಗಾಗಿ ಎರಡು ಭಾನುವಾರ ಚರ್ಚಿನ ಕೊನೇ ಬೆಂಚಿನಲ್ಲಿ ಕೂತು ಆಕಳಿಸಿದ್ದ. ಎರಡೂ ಮನೆಯವರನ್ನು ಒಪ್ಪಿಸಿ, ಬಿಷಪ್ಪರ ಅನುಮತಿ ಪಡೆಯುವಷ್ಟರಲ್ಲಿ ಇಬ್ಬರೂ ಹಣ್ಣಾಗಿದ್ದರು.

ಮದುವೆಗೆ ಮುಂಚೆ ಮೂರು ಭಾನುವಾರ ಫಾದರ್ ಜೋಡಿಯ ಹೆಸರು ಓದಿ, ಯಾರಿಗಾದರೂ ತಡೆ ಗೊತ್ತಿದ್ದರೆ ತಿಳಿಸಿ ಎಂದು ಕೇಳುವುದು ಪದ್ಧತಿ. ಎರಡು ಪ್ರಕಟಣೆ ಆಗಿತ್ತು. ಎರಡು ಸಲವೂ ಮೇರಿ ಚುಚ್ಚಿಸಿಕೊಂಡ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ತಲೆ ತಗ್ಗಿಸಿ ಕೂತಿದ್ದಳು. ತಡೆ ತನ್ನ ಮೈಯಲ್ಲೇ ಇರಬಹುದು ಎಂದು ಗೊತ್ತಿದ್ದೂ ಸುಮ್ಮನಿದ್ದದ್ದು ದೇವರಿಗೂ ಮೋಸ, ಸುಂದರೇಶನಿಗೂ ಮೋಸ. ಆ ಭಯಕ್ಕೇ ಇವತ್ತು ಬಾಯಿ ಬಿಟ್ಟಿದ್ದಳು. ಮದುವೆ ಮುಂದಕ್ಕೆ ಹಾಕಿ ಎಂದು ಬೇಡಿಕೊಂಡಿದ್ದಳು. ಈಗ ಅವನೇ ಕೈಬಿಟ್ಟರೆ?

ಪೂಜೆ ಮುಗಿಯುವ ಹೊತ್ತಿಗೆ ಫಾದರ್ ಕನ್ನಡಕ ಏರಿಸಿಕೊಂಡರು. ಅವಳ ಹೆಸರು ಓದಿದರು, ಅವನ ಹೆಸರು ಓದಿದರು. "ಇದು ಮೂರನೆಯ ಪ್ರಕಟಣೆ. ಯಾರಿಗಾದರೂ ತಡೆ ಗೊತ್ತಿದ್ದರೆ..."

ಕೊನೇ ಬೆಂಚು ಕಿರುಗುಟ್ಟಿತು.

"ಗೊತ್ತು ಫಾದರ್."

ಸುಂದರೇಶ ಎದ್ದು ನಿಂತಿದ್ದ. ಇಡೀ ಚರ್ಚು ತಿರುಗಿ ನೋಡಿತು. ಮೇರಿಯ ಅಮ್ಮನ ಕೈಯಿಂದ ಪ್ರಾರ್ಥನೆ ಪುಸ್ತಕ ಜಾರಿ ಬಿತ್ತು. ಆ ಕಾಯಿಲೆಯ ಹೆಸರು ಇಲ್ಲಿ ಬಿದ್ದರೆ ಸಾಕು, ನಾಳೆಯಿಂದ ಮೇರಿಯ ಮನೆಯ ಲೋಟದಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಹೇಳಬೇಡಿ, ಹೇಳಬೇಡಿ ಎಂದು ಒಳಗೊಳಗೇ ಅಂಗಲಾಚಿದಳು. ದೇವರನ್ನೋ ಅವನನ್ನೋ, ಅವಳಿಗೇ ತಿಳಿಯಲಿಲ್ಲ.

"ತಡೆ ನನ್ನದು," ಅಂದ ಸುಂದರೇಶ. "ನಂಗಿನ್ನೂ ಧೈರ್ಯ ಸಾಲ್ತಿಲ್ಲ. ಮೂರು ತಿಂಗಳು ಟೈಮ್ ಬೇಕು."

ಫಾದರ್ ಕನ್ನಡಕ ತೆಗೆದು, "ಆಮೇಲೆ ನನ್ನ ಕೋಣೆಗೆ ಬನ್ನಿ," ಎಂದರು. ಹೊರಗೆ ಹೋಗುವಾಗ ಹೆಂಗಸರು ಅವನನ್ನು ಕಣ್ಣಲ್ಲೇ ಸುಟ್ಟರು. ಮೇರಿಯ ಅಮ್ಮನಂತೂ ಅವನ ಮುಖ ನೋಡದೆ ಆಟೋ ಹತ್ತಿದರು.

ಫಾದರ್ ಜೊತೆ ಮಾತಾಡಿ ಬಂದವನು ಖಾಲಿ ಚರ್ಚಿನಲ್ಲಿ ಅವಳ ಪಕ್ಕ ಕೂತ.

"ಸೂಜಿ ವಿಷಯ ಹೇಳಿದ್ರಾ?"

"ಇಲ್ಲ ಕಣೇ. ಅದು ನಿನ್ನ ವಿಷಯ."

"ನನಗೋಸ್ಕರ ದೇವರ ಮುಂದೆ ಸುಳ್ಳು ಹೇಳಿಬಿಟ್ರಲ್ಲ."

"ಎಲ್ಲಿ ಸುಳ್ಳು? ನೀನು ಹೇಳ್ದಾಗಿಂದ ಕೈಕಾಲು ನಡುಗ್ತಿದೆ. ಮಾತಾಡಿದ್ರೆ ಅತ್ತುಬಿಡ್ತೀನಿ ಅಂತಾನೇ ಆಗ ಒಳಗೆ ಬಂದುಬಿಟ್ಟೆ."

ಅವಳು ಅವನ ಮುಖ ನೋಡಿದಳು. ಯಾರದೋ ರಿಪೋರ್ಟನ್ನು ಸಿನಿಮಾ ಟಿಕೆಟ್ಟಿನಂತೆ ಹರಿದುಕೊಡುತ್ತಿದ್ದ ಹುಡುಗನ ಕಣ್ಣು ಕೆಂಪಗಿತ್ತು.

"ಪಾಸಿಟಿವ್ ಬಂದ್ರೆ?"

"ರಿಪೋರ್ಟ್ ಏನೇ ಬರ್ಲಿ, ಅದು ಬಂದ್ಮೇಲಿನ ಭಾನುವಾರಾನೇ ನಮ್ಮ ಮೂರನೇ ಪ್ರಕಟಣೆ. ಫಾದರ್ ಹತ್ರ ರಿಪೋರ್ಟ್ ಮಾತು ಎತ್ತಲಿಲ್ಲ, ಮೂರು ತಿಂಗಳಾದ್ಮೇಲೆ ಓದಿ ಅಂತಷ್ಟೇ ಹೇಳಿ ಬಂದಿದೀನಿ. ಆಮೇಲೆ ಹುಷಾರಾಗಿ ಬದುಕೋದು ಹೇಗೆ ಅಂತ ಇಬ್ರೂ ಕಲಿಯೋಣ."

"ಮತ್ತೆ ಇವತ್ತು ಯಾಕೆ ನಿಲ್ಲಿಸಿದ್ರಿ?"

"ನೀನು ಕೇಳಿದ್ಯಲ್ಲ. ನಂಗೆ ನೀನು ಬೇಕು ಮೇರಿ. ಹೆದರಿಕೊಂಡು ಬರೋದು ಬೇಡ."

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನು ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಹೇಳಿದ, "ಮೂರು ತಿಂಗಳಾದ್ಮೇಲೆ ಏನು ಅಂತ ನನ್ನ ಲ್ಯಾಬ್ ಹೇಳುತ್ತೆ. ಅಲ್ಲೀತನಕ ಹೇಗಿರೋದು ಅಂತ ಅಲ್ಲಿ ಯಾರೂ ಕಲಿಸಲಿಲ್ಲ. ನಿಮ್ಮ ಚರ್ಚಲ್ಲಿ ಅದಕ್ಕೆ ಏನಾದ್ರೂ ಇದ್ಯಾ?"

ಮೇರಿ ಪರ್ಸಿನಿಂದ ಜಪಸರ ತೆಗೆದಳು. "ಇದಕ್ಕೆ ನಂಬಿಕೆ ಬೇಕು ಕಣ್ರೀ."

"ನಿನ್ನ ಮೇಲಿದೆ. ಸದ್ಯಕ್ಕೆ ಅದ್ರಿಂದ್ಲೇ ಶುರು ಮಾಡೋಣ."

ಅವಳು ಎಡಗೈಯಲ್ಲಿ ಮೊದಲ ಮಣಿ ಹಿಡಿದಳು. ಬಲಗೈ ಇನ್ನೂ ಸೆರಗಿನೊಳಗೇ ಇತ್ತು. ಸುಂದರೇಶ ಅದನ್ನು ಮೆಲ್ಲಗೆ ಬಿಡಿಸಿ, ಅವಳು ಇಷ್ಟು ದಿನ ಬಚ್ಚಿಟ್ಟಿದ್ದ ಬೆರಳನ್ನು ತನ್ನ ಬೆರಳುಗಳ ನಡುವೆ ಹಿಡಿದುಕೊಂಡ. ಅವನ ಕೈ ನಿಜಕ್ಕೂ ನಡುಗುತ್ತಿತ್ತು.

"ಹೇಳ್ಕೊಡು," ಅಂದ.